ಅಕ್ಕ ಕಲಿತ ಲಿನಕ್ಸ್

ಕಂಪ್ಯೂಟರ್ ಆರಿಸುವ ಮೊದಲು ‘ಸಿಂಕ್’ ಎಂದು ಎರಡು ಮೂರು ಸಲ ಟೈಪ್ ಮಾಡುವುದು ನನಗೊಂದು ಚಟ. ಈಗಿನ ಯಂತ್ರಗಳಿಗೆ ಅದರ ಅಗತ್ಯವಿಲ್ಲ, ಅವು ತಮ್ಮ ಕೆಲಸ ತಾವೇ ನೋಡಿಕೊಳ್ಳುತ್ತವೆ. ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ಹುಡುಗರು ಇದನ್ನು ನೋಡಿ ನಗುತ್ತಾರೆ. ಬಾಗಿಲಿಗೆ ಬೀಗ ಹಾಕಿ ಮತ್ತೆ ಮತ್ತೆ ಎಳೆದು ನೋಡುವ ಜನರಿರುತ್ತಾರಲ್ಲ, ಆ ಸಾಲಿಗೆ ನನ್ನನ್ನು ಸೇರಿಸಿದ್ದಾರೆ. ನನ್ನ ಹೆಂಡತಿಯ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ನಾನು ಬೀಗವನ್ನೂ ಎಳೆದು ನೋಡುವವನೇ ಆದ್ದರಿಂದ ವಾದಕ್ಕೆ ಹೋಗುವುದಿಲ್ಲ.

ಈ ಚಟ ಅಂಟಿಕೊಂಡದ್ದು ತೊಂಬತ್ತರ ದಶಕದ ಆರಂಭದ ವರ್ಷಗಳಲ್ಲಿ, ವಡಾಲದ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ. ಆಗ ನಾನೂ ನನ್ನ ಅಕ್ಕನೂ ಕೂತು ಒಂದು ಲಿನಕ್ಸನ್ನು ಕಲಿಯುತ್ತಿದ್ದೆವು. ಇವತ್ತು ಲಿನಕ್ಸ್ ಎಂದರೆ ಯಾರಿಗಾದರೂ ಗೊತ್ತು: ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಪುಕ್ಕಟೆ ಸಿಗುವಂಥದ್ದು, ನೂರೆಂಟು ಬಗೆಗಳಲ್ಲಿ ಬರುವಂಥದ್ದು. ಆಗ ಅದರ ಹೆಸರು ಕೇಳಿದವರೇ ಕಡಿಮೆ. ನಮ್ಮ ಮನೆಗೆ ಬಂದದ್ದಂತೂ ಲಿನಕ್ಸ್ ಬಲ್ಲವರಿಗೂ ಗೊತ್ತಿಲ್ಲದ ಒಂದು ಬಗೆ. ಎರಡೇ ಎರಡು ಫ್ಲಾಪಿಯೊಳಗೆ ಮುಗಿದುಹೋಗುತ್ತಿತ್ತು. ಅದಕ್ಕೊಂದು ಹಕ್ಕಿಯ ಹೆಸರಿಟ್ಟಿದ್ದರು. ಯಾವ ಹಕ್ಕಿ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಅಕ್ಕನ ಹೆಸರು ವಿಮಲಾ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಪ್ಪ ತಿಪಟೂರಿನ ಕಡೆಯಿಂದ ಮುಂಬಯಿಗೆ ಬಂದು ಬಂದರಿನಲ್ಲಿ ಗುಮಾಸ್ತರಾಗಿದ್ದವರು, ನಾನು ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡರು. ಅದು ಎಂಬತ್ತರ ದಶಕದ ಆರಂಭ. ಅಕ್ಕ ಮಾಟುಂಗದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದಳು. ಮನೆಯಲ್ಲಿ ನನ್ನನ್ನು ಬಿಟ್ಟರೆ ಅಮ್ಮನಿಗೆ ಕಷ್ಟ ಎಂದು ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಕೆಳಗೆ ಉಡುಪಿ ಹೋಟೆಲು, ಮೇಲೆ ಇನ್‌ಸ್ಟಿಟ್ಯೂಟು. ಗೋಡೆಗೆ ಒರಗಿಸಿದ ಬೆಂಚಿನಲ್ಲಿ ನಾನು ಕಾಲು ಆಡಿಸುತ್ತ ಕೂರುತ್ತಿದ್ದೆ. ಸಾಂಬಾರಿನ ಪರಿಮಳ ಕಿಟಕಿಯಿಂದ ಬರುತ್ತಿತ್ತು. ಸಾಲಾಗಿ ಕೂತ ಹುಡುಗಿಯರು ಎಲ್ಲರೂ ಒಂದೇ ಪಾಠ ಹೊಡೆಯುತ್ತಿದ್ದರು: ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಅಕ್ಷರ ಎಂದರೆ ಸದ್ದು ಮಾಡುವ ವಸ್ತು ಎಂದು ನಾನು ಬಹಳ ದಿನ ನಂಬಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಹೆಗಲ ಮೇಲೆ ಒರಗಿ ನಿದ್ದೆ ಮಾಡುತ್ತಿದ್ದೆ. ಅವಳು ನನ್ನ ಬೆನ್ನ ಮೇಲೆ ಬೆರಳಾಡಿಸುತ್ತಿದ್ದಳು. ತಟ್ಟಿ ಮಲಗಿಸುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅದು ಅವಳ ಹೋಂವರ್ಕು ಎಂಬುದು ತಡವಾಗಿ ಗೊತ್ತಾಯಿತು. ಹಾಗೆ ಕಲಿತವಳು ಬಲಾರ್ಡ್ ಎಸ್ಟೇಟಿನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಟೈಪಿಸ್ಟ್ ಆದಳು. ಅವಳ ಬೆರಳಿನ ತುದಿಯಲ್ಲಿ ಯಾವಾಗಲೂ ಕಾರ್ಬನ್ ಕಾಗದದ ನೀಲಿ ಇರುತ್ತಿತ್ತು. ನನ್ನ ಶಾಲೆಯ ಬಿಳಿ ಅಂಗಿಯ ಕಾಲರಿನಲ್ಲೂ ಅದೇ ನೀಲಿ, ಏಕೆಂದರೆ ನನ್ನ ಗುಂಡಿ ಹಾಕುತ್ತಿದ್ದವಳು ಅವಳೇ. ನಾಲ್ಕನೇ ಇಯತ್ತೆಯವರೆಗೂ ನನಗೆ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದೇಕೆ.

ನಾನು ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ರಿಪೇರಿ ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದೆ. ಕಾರ್ಡಿನ ಮೇಲೆ ‘ಕಸ್ಟಮರ್ ಸಪೋರ್ಟ್ ಎಂಜಿನಿಯರ್’ ಎಂದಿತ್ತು. ಮುಖ್ಯ ಕೆಲಸ ಧೂಳು ಊದುವುದು ಮತ್ತು ಸಡಿಲವಾದ ವೈರನ್ನು ಗಟ್ಟಿಯಾಗಿ ಒತ್ತುವುದು. ಅಮ್ಮ ಮಾತ್ರ ಬಿಲ್ಡಿಂಗಿನವರಿಗೆಲ್ಲ ನಾನು ಕಂಪ್ಯೂಟರ್ ಡಾಕ್ಟರು ಎಂದು ಹೇಳಿಕೊಂಡು ಬಂದಿದ್ದಳು.

ಆ ಹೊತ್ತಿಗೇ ಅಕ್ಕನ ಆಫೀಸಿಗೂ ಕಂಪ್ಯೂಟರ್ ಬರುವುದೆಂದು ಗೊತ್ತಾಯಿತು. ಒಂದು ಸಂಜೆ ಅವಳು ಬಂದವಳು ಚಪ್ಪಲಿ ಬಿಡುತ್ತ ಅಲ್ಲೇ ಹೊಸ್ತಿಲ ಬಳಿ ಕೂತುಬಿಟ್ಟಳು.

“ಟೈಪ್‌ರೈಟರ್ ಎಲ್ಲಾ ತೆಗೀತಾರಂತೆ ಕಣೋ ನಾಗೂ. ಅದೇನೋ ಯುನಿಕ್ಸ್ ಅಂತ ಬರತ್ತಂತೆ. ಒಂದು ಟೆಸ್ಟ್ ಇಡ್ತಾರೆ. ಪಾಸಾದೋರು ಕೆಲಸದಲ್ಲಿ ಇರಬಹುದು. ಆಗದೇ ಇದ್ದೋರು ವಾಲಂಟರಿ ರಿಟೈರ್‌ಮೆಂಟ್ ತಗೋಬೇಕು.”

“ವಾಲಂಟರಿ ಅಂದ್ರೆ ನಮ್ಮಿಷ್ಟ ಅಂತ ಅರ್ಥ ಅಲ್ವೇನಕ್ಕ?”

“ಅವರಿಷ್ಟ,” ಎಂದಳು ಅಕ್ಕ.

ಅವಳ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಟೆಸ್ಟೇ ಬೇಡ ಎಂದು ಅದಾಗಲೇ ಕೆಲಸ ಬಿಡುವ ಕಾಗದ ಕೊಟ್ಟಿದ್ದರಂತೆ. ಅಕ್ಕನಿಗೆ ಭಯ ಹತ್ತಿದ್ದು ಅದರಿಂದ. ಮೂವತ್ತು ದಾಟಿದ್ದಳು, ಟೈಪಿಂಗ್ ಬಿಟ್ಟು ಬೇರೆ ಕೆಲಸ ಕಲಿತಿರಲಿಲ್ಲ.

ಯುನಿಕ್ಸ್ ಎಂಬುದನ್ನು ನಾನು ದೊಡ್ಡ ಆಫೀಸುಗಳಲ್ಲಿ ನೋಡಿದ್ದೆ. ಕಪ್ಪು ಪರದೆ, ಅದರ ಮೇಲೆ ಅಕ್ಷರ ಮಾತ್ರ. ಚಿತ್ರವಿಲ್ಲ, ಮೌಸಿಲ್ಲ. ಮನೆಯಲ್ಲಿ ಅದನ್ನು ಹಾಕಿ ಕಲಿಸುವುದು ನಮ್ಮಂಥವರ ಕೈಗೆಟುಕುವ ಮಾತಾಗಿರಲಿಲ್ಲ. ನನ್ನ ಬಳಿ ಇದ್ದದ್ದು ಒಬ್ಬ ಗಿರಾಕಿ ಬೇಡವೆಂದು ಬಿಟ್ಟುಹೋದ ಹಳೆಯ ಯಂತ್ರ. ಮಾಲೀಕರನ್ನು ಕೇಳಿ ಮನೆಗೆ ತಂದಿದ್ದೆ. ಹೊಲಿಗೆ ಮೆಷೀನಿನ ಮೇಲೆ ಅದನ್ನಿಟ್ಟಾಗ ಅಮ್ಮ ತನ್ನ ಹಳೆಯ ಸೀರೆಯೊಂದನ್ನು ಮಡಿಸಿ ಅದಕ್ಕೆ ಹೊದಿಸಿದ್ದಳು.

ದಾರಿ ತೋರಿಸಿದವನು ನನ್ನ ಡಿಪ್ಲೊಮಾ ಕಾಲದ ಗೆಳೆಯ ಪೈ. ಮುಲುಂಡ್‌ನಲ್ಲಿ ಅವನ ಮನೆ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಹೊರದೇಶದ ಕಂಪ್ಯೂಟರುಗಳಿಂದ ತಂತ್ರಾಂಶ ಇಳಿಸಿಕೊಳ್ಳುವ ಅನುಕೂಲ ಅವನಿಗಿತ್ತು. ಒಂದು ಭಾನುವಾರ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಅವನಲ್ಲಿಗೆ ಹೋದೆ.

“ಲಿನಕ್ಸ್ ಅಂತ ಉಂಟು ಮಾರಾಯ, ಯುನಿಕ್ಸಿನ ಹಾಗೇ,” ಎಂದ ಪೈ. “ದೊಡ್ಡದಕ್ಕೆ ಫ್ಲಾಪಿ ರಾಶಿ ಬೇಕು. ನಿನ್ನ ಡಬ್ಬಕ್ಕೆ ಅದೆಲ್ಲ ಆಗ್ಲಿಕ್ಕಿಲ್ಲ. ಇದು ಸಣ್ಣದು, ಎರಡೇ ಫ್ಲಾಪಿ. ಯಾವುದೋ ಕಾಲೇಜು ಹುಡುಗ ಮಾಡಿ ಇಟ್ಟದ್ದು. ಹಾಳಾದ್ರೆ ನನ್ನನ್ನು ಕೇಳ್ಬೇಡ, ಅವನನ್ನೇ ಕೇಳು.”

“ಅವನೆಲ್ಲಿದ್ದಾನೆ?”

“ಅದು ನಂಗೂ ಗೊತ್ತಿಲ್ಲ.”

ಮನೆಗೆ ತಂದು ಹಾಕಿದರೆ ಎರಡನೇ ಫ್ಲಾಪಿ ಓದಲೇ ಇಲ್ಲ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಯಾರದೋ ಟಿಫಿನ್ ಡಬ್ಬಿ ಒತ್ತಿ ಬಾಗಿತ್ತು. ಮುಂದಿನ ಭಾನುವಾರ ಮತ್ತೆ ಮುಲುಂಡ್. ಈ ಸಲ ಫ್ಲಾಪಿಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ಅಂಗಿಯ ಒಳಗೆ ಎದೆಗೆ ಅವುಚಿಕೊಂಡು ಬಂದೆ. ಕಂಪಾರ್ಟ್‌ಮೆಂಟಿನಲ್ಲಿ ಒಬ್ಬರು ನನಗೆ ಎದೆನೋವೆಂದು ತಿಳಿದು ಸೀಟು ಬಿಟ್ಟುಕೊಟ್ಟರು. ನಿಜ ಹೇಳಲು ನಾಚಿಕೆಯಾಗಿ ಕೂತೆ.

ಹಾಕಲು ಹೊರಟಾಗ ತಿಳಿಯಿತು, ಆ ಲಿನಕ್ಸ್ ಎಷ್ಟು ಬಡವ ಎಂದು. ಬಳಸುವುದು ಹೇಗೆಂದು ತಿಳಿಸುವ ಪುಟಗಳನ್ನೂ ಜಾಗ ಸಾಲದೆಂದು ತೆಗೆದುಹಾಕಿದ್ದರು. ಕೆಲವೇ ಆಜ್ಞೆಗಳು. ಉಳಿದದ್ದೇನು ಕೇಳಿದರೂ ‘ಸಿಗಲಿಲ್ಲ’ ಎಂಬ ಉತ್ತರ. ಆದರೂ ಅದು ನಮ್ಮ ಆ ಡಬ್ಬದಲ್ಲಿ ಎದ್ದು ನಿಂತಿತು. ಕಪ್ಪು ಪರದೆಯ ಮೇಲೆ ‘ಲಾಗಿನ್’ ಎಂಬ ಪದ ಮೂಡಿ, ಅದರ ಮುಂದೆ ಒಂದು ಗೆರೆ ಮಿಣುಕತೊಡಗಿತು.

“ಏನು ಕೇಳ್ತಿದೆ ಅದು?” ಎಂದಳು ಅಕ್ಕ.

“ನಿನ್ನ ಹೆಸರು.”

“ನನ್ನದಾ?” ಅವಳು ಸೆರಗಿಗೆ ಬೆರಳೊರೆಸಿಕೊಂಡು, ಅಲ್ಲಿ ಕಾರ್ಬನ್ ಇರಲಿಲ್ಲವಾದರೂ, ತನ್ನ ಹೆಸರನ್ನು ಹೊಡೆದಳು. ಅಷ್ಟು ವರ್ಷ ಟೈಪ್ ಮಾಡಿದ್ದಳು, ತನ್ನ ಹೆಸರನ್ನು ಬರೆಯುವ ಸಂದರ್ಭವೇ ಬಂದಿರಲಿಲ್ಲವಂತೆ. ಕಾಗದದ ಕೆಳಗೆ ಬರುತ್ತಿದ್ದುದು ಸಾಹೇಬರ ಹೆಸರು.

ಬರೆಯಲು ಅದರಲ್ಲಿ ಇದ್ದದ್ದು ‘ವಿಐ’ ಎಂಬ ಒಂದು ಸಾಧನ. ಯುನಿಕ್ಸಿನಲ್ಲೂ ಅದೇ. ಅದಕ್ಕೊಂದು ವಿಚಿತ್ರ ಗುಣ: ಮೊದಲು ‘ಐ’ ಅಕ್ಷರ ಒತ್ತಿ ‘ಇನ್ನು ಬರೆಯುತ್ತೇನೆ’ ಎಂದು ತಿಳಿಸಬೇಕು. ತಿಳಿಸದೆ ಹೊಡೆದರೆ ಪ್ರತಿ ಅಕ್ಷರವನ್ನೂ ಆಜ್ಞೆ ಎಂದು ಭಾವಿಸುತ್ತದೆ. ಅಕ್ಕ ಅಭ್ಯಾಸಬಲದಿಂದ ‘ಡಿಯರ್ ಸರ್ಸ್’ ಎಂದು ಸರಸರ ಹೊಡೆದಳು. ಯಂತ್ರ ಎರಡು ಸಲ ಕಿರುಗುಟ್ಟಿತು. ‘ಡಿಯರ್’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯದೊಂದು ಮಾತ್ರ ಉಳಿದಿತ್ತು.

“ಮೂರು ಅಕ್ಷರ ತಿಂದ್ಹಾಕ್ತಲ್ಲೋ ಇದು.”

“ಮೊದಲು ಅದರ ಅಪ್ಪಣೆ ಕೇಳ್ಬೇಕು ಅಕ್ಕ.”

“ಎಲ್ಲಾ ಸಾಹೇಬರೂ ಒಂದೇ ಥರ,” ಎಂದಳು. ಅಲ್ಲೇ ಒಲೆಯ ಮುಂದಿದ್ದ ಅಮ್ಮನಿಗೂ ನಗು ಬಂತು.

ಆಫೀಸಿನಿಂದ ಬಂದು ಕಾಫಿ ಕುಡಿದು, ದೀಪ ಹಚ್ಚುವ ಹೊತ್ತಿಗೆಲ್ಲ ಅವಳು ಅದರ ಮುಂದೆ ಕೂರುತ್ತಿದ್ದಳು. ನನಗಿಂತ ಬೇಗ ಕಲಿತಳು. ಒಂದು ದಿನ ಅವಳು ಎರಡು ಪುಟ ಹೊಡೆದು ಮುಗಿಸಿದ್ದಳು. ನಾನು ಕೆಲಸ ಆಯಿತೆಂದು ಗುಂಡಿ ಒತ್ತಿ ಆರಿಸಿಬಿಟ್ಟೆ. ಮರುದಿನ ನೋಡಿದರೆ ಎರಡೂ ಪುಟ ಇಲ್ಲ. ಬರೆದದ್ದು ಇನ್ನೂ ಡಿಸ್ಕಿಗೆ ಇಳಿದಿರಲಿಲ್ಲ. ಪೈಗೆ ಫೋನು ಮಾಡಿ ಕೇಳಿದಾಗ ಅವನು ‘ಸಿಂಕ್’ ಎಂಬ ಆಜ್ಞೆ ಹೇಳಿಕೊಟ್ಟ. ಆರಿಸುವ ಮೊದಲು ಅದನ್ನು ಹೊಡೆದರೆ ಎಲ್ಲವೂ ಭದ್ರ. ಅಕ್ಕ ಆಮೇಲೆ ಅದನ್ನು ತಪ್ಪಿಸಲಿಲ್ಲ. ಹೊಡೆದು, ಪರದೆಯ ಕಡೆ ಬಗ್ಗಿ, “ಬರ್ಕೊಂಡೆಯೇನಪ್ಪಾ?” ಎಂದು ಕೇಳುತ್ತಿದ್ದಳು. ಯಂತ್ರದ ಮೇಲೆ ಪೂರ್ತಿ ನಂಬಿಕೆ ಇಲ್ಲದ್ದರಿಂದ ಮತ್ತೊಮ್ಮೆ ಹೊಡೆಯುತ್ತಿದ್ದಳು.

ಆ ಲಿನಕ್ಸ್ ಮಾಡಿದ ಹುಡುಗ ಯಾರೋ, ಯಾವ ಊರಿನವನೋ. ಪರೀಕ್ಷೆ ಮುಗಿಸಿ ಬೇರೇನೋ ಕೆಲಸಕ್ಕೆ ಹೋಗಿ ಇದನ್ನು ಮರೆತಿರಬೇಕು. ವಡಾಲದ ಒಂದು ಬಿಲ್ಡಿಂಗಿನಲ್ಲಿ ಒಬ್ಬ ಹೆಂಗಸು ಅದನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದಳು ಎಂಬುದು ಅವನಿಗೆ ಗೊತ್ತಾಗುವ ಬಗೆ ಇಲ್ಲ. ಆಮೇಲೆ ದೊಡ್ಡ ದೊಡ್ಡ ಲಿನಕ್ಸುಗಳು ಬಂದವು, ನಾನು ಅವುಗಳಲ್ಲೇ ಅನ್ನ ದುಡಿದೆ. ಇದನ್ನು ಹುಡುಕಿದರೆ ಎಲ್ಲೂ ಸುಳಿವಿಲ್ಲ.

ಟೈಪ್ ಮಾಡುವಾಗ ಅಕ್ಕ ನಡುನಡುವೆ ನಿಲ್ಲಿಸಿ ಎಡಗೈಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. ಕಂಕುಳ ಬಳಿ ಒತ್ತಿಕೊಳ್ಳುತ್ತಿದ್ದಳು. ಕೇಳಿದರೆ, “ಈ ಹೊಲಿಗೆ ಮೆಷೀನು ಎತ್ತರ ಆಯ್ತು ಕಣೋ,” ಎನ್ನುತ್ತಿದ್ದಳು. ನಾನು ಕಂಪ್ಯೂಟರ್ ಡಾಕ್ಟರಲ್ಲವೇ, ಕುರ್ಚಿಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿದೆ. “ಈಗ ಸರಿ ಹೋಯ್ತು,” ಎಂದಳು. ನನಗೆ ಹೆಮ್ಮೆಯಾಯಿತು.

ಟೆಸ್ಟಿನ ದಿನ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ರಜೆ ಹಾಕಿ ಬಲಾರ್ಡ್ ಎಸ್ಟೇಟಿನ ಆ ಕಟ್ಟಡದ ಎದುರು ಮರದ ಕೆಳಗೆ ನಿಂತಿದ್ದೆ. ಅಕ್ಕ ಹೊರಗೆ ಬಂದಾಗ ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ. ರಸ್ತೆ ದಾಟಿ ಬಂದು ಹೇಳಿದಳು:

“ಅದೇ ಲಾಗಿನ್ ಕಣೋ. ಅದೇ ಕಪ್ಪು. ನಮ್ಮನೇದೇ ಅನ್ನಿಸ್ತು. ಉಳಿದವರು ಡಿಯರ್ ಸರ್ಸ್ ಹೊಡೆದು ಕಿರುಗುಟ್ಟಿಸ್ತಾ ಇದ್ರು. ಪಾಪ ಅನ್ನಿಸ್ತು.”

“ಹೇಳಿಕೊಡ್ಲಿಲ್ವಾ?”

“ಮೆಲ್ಲಗೆ ಹೇಳ್ದೆ. ಸಾಹೇಬ್ರು ನೋಡಿದ್ರು. ನೋಡ್ಲಿ.”

ಅಕ್ಕ ಪಾಸಾದಳು. ಮಾಟುಂಗಕ್ಕೆ ಹೋಗಿ ಮೂವರೂ ಮಸಾಲೆ ದೋಸೆ ತಿಂದೆವು. ಹೊಸ ಹುದ್ದೆಯಲ್ಲಿ ಅವಳಿಗೆ ಎ.ಸಿ. ಕೋಣೆ, ತಿರುಗುವ ಕುರ್ಚಿ. ಮೊದಲ ವಾರ ಆ ಕುರ್ಚಿಯ ವರ್ಣನೆಯಲ್ಲೇ ಊಟ ಮುಗಿಯುತ್ತಿತ್ತು.

ಅದಾಗಿ ಕೆಲವು ತಿಂಗಳಿಗೆ, ಬಟ್ಟೆ ಒಣಹಾಕಲು ಕೈ ಎತ್ತಿದವಳು ಹಾಗೇ ಕುಸಿದು ಕೂತಳು. ಅಮ್ಮ ಒಳಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ನೋಡಿದಳು. ಹೊರಗೆ ಬಂದವಳೇ ಚಪ್ಪಲಿ ಮೆಟ್ಟಿಕೊಂಡಳು. ಪರೇಲಿನ ದೊಡ್ಡ ಆಸ್ಪತ್ರೆಗೆ ಹೋದೆವು. ಎದೆಯ ಗಂಟು, ಕಂಕುಳಿಗೂ ಹಬ್ಬಿದೆ ಎಂದರು. ಡಾಕ್ಟರಮ್ಮ ಮೆತ್ತಗೆ ಕೇಳಿದರು, ಯಾವಾಗಿನಿಂದ ಗೊತ್ತಿತ್ತು ಎಂದು. ಅಕ್ಕ ನನ್ನ ಕಡೆ ನೋಡದೆ ಹೇಳಿದಳು, ಟೆಸ್ಟಿನ ಸುದ್ದಿ ಬಂದಾಗಿನಿಂದ.

ಹೊರಗೆ ಬೆಂಚಿನ ಮೇಲೆ ಕೂತು ನಾನು ಕೇಳಿದೆ, “ಯಾಕಕ್ಕ ಹೇಳ್ಲಿಲ್ಲ?”

“ಆಗ ರಜೆ ಹಾಕಿದ್ರೆ ಇವಳಿಗೆ ಕಾಯಿಲೆ ಅಂತ ಟೆಸ್ಟಿಗೇ ಕರೀತಿರ್ಲಿಲ್ಲ. ಪಾಸಾದ ಮೇಲೆ ತೋರಿಸೋಣ ಅಂದ್ಕೊಂಡೆ. ಆಮೇಲೆ ಹೊಸ ಕೆಲಸ, ಒಡನೆ ರಜೆ ಕೇಳೋದು ಹೇಗೆ ಅಂತ.” ಆಸ್ಪತ್ರೆಯ ಕಾಗದಗಳನ್ನು ಮಡಿಸಿಟ್ಟುಕೊಂಡು, “ಕುರ್ಚಿ ಚೆನ್ನಾಗಿತ್ತು ಕಣೋ,” ಎಂದಳು.

ಆಪರೇಷನ್ ಆಯಿತು. ಎಡಗೈ ಊದಿಕೊಂಡಿತು. ಮತ್ತೆ ಮತ್ತೆ ಆಸ್ಪತ್ರೆ ಸೇರುವುದು, ಬರುವುದು. ಅವಳ ರಜೆಯ ಅರ್ಜಿ ಕೊಡಲು ನಾನು ಆಫೀಸಿಗೆ ಹೋಗುತ್ತಿದ್ದೆ. ಅಂಥ ಒಂದು ದಿನ ಅಲ್ಲಿನ ಹಳೆಯ ಸಿಪಾಯಿ, ನಾವೆಲ್ಲ ಮಾಮಾ ಎನ್ನುತ್ತಿದ್ದ ಮರಾಠಿಯವರು, ನನ್ನನ್ನು ಮೆಟ್ಟಿಲ ಬಳಿ ಕರೆದು, “ವಿಮಲಾಬಾಯೀಚೀ ಪೋಸ್ಟ್ ಗೇಲೀ, ಬಾಳಾ,” ಎಂದರು. ಅವಳ ಹುದ್ದೆಯನ್ನೇ ತೆಗೆದುಬಿಟ್ಟಿದ್ದರು. ಸಾಹೇಬರುಗಳು ತಮ್ಮ ಕಾಗದ ತಾವೇ ಹೊಡೆದುಕೊಳ್ಳುತ್ತಿದ್ದರು. ಟೈಪಿಸ್ಟ್ ಎಂಬ ಜೀವವೇ ಆ ಆಫೀಸಿಗೆ ಬೇಕಿರಲಿಲ್ಲ. ಕೋಣೆಯಲ್ಲಿ ಅವಳ ಕುರ್ಚಿ ಇತ್ತು. ಅದರ ಮೇಲೆ ಫೈಲುಗಳನ್ನು ಪೇರಿಸಿದ್ದರು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಅಮ್ಮ ಮಂಚದ ಪಕ್ಕ ಕೂತು ಕಿತ್ತಳೆಯ ಸಿಪ್ಪೆ ಬಿಡಿಸುತ್ತಿದ್ದಳು. ಅಕ್ಕ ಕೇಳಿದಳು:

“ನನ್ನ ಜಾಗದಲ್ಲಿ ಯಾರು ಬಂದಿದಾರೆ?”

“ಒಬ್ಬಳು ಹುಡುಗಿ,” ಎಂದೆ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. “ಟೆಂಪರರಿ. ನೀನು ಬರೋವರೆಗೆ.”

“ಹೆಸರೇನು?”

“ಸ್ಮಿತಾ.”

“ಎಲ್ಲಿಂದ ಬರ್ತಾಳೆ?”

“ಮುಲುಂಡ್.” ಪೈಯ ಊರು ಬಿಟ್ಟು ಬೇರೇನೂ ಹೊಳೆಯಲಿಲ್ಲ.

“ಅಷ್ಟು ದೂರದಿಂದಾನಾ. ಪಾಪ.” ಅಕ್ಕ ಕಿತ್ತಳೆಯ ತೊಳೆಯೊಂದನ್ನು ಬಾಯಿಗಿಟ್ಟುಕೊಂಡಳು. “ಚೆನ್ನಾಗಿ ಹೊಡೀತಾಳಾ?”

“ನಿನ್ನಷ್ಟಿಲ್ಲ.”

“ಹೊಸಬಳು, ಕಲಿತಾಳೆ. ಮೊದಲು ಐ ಒತ್ತೋಕೆ ಹೇಳು.”

ಆಮೇಲೆ ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಸ್ಮಿತಾಳ ಸುದ್ದಿ. ಅದೊಂದೇ ಅವಳಿಗೆ ಹೊರಗಿನ ಲೋಕದ ಸುದ್ದಿ. ನಾನು ದಾರಿಯುದ್ದಕ್ಕೂ ಲೋಕಲ್ಲಿನಲ್ಲಿ ನಿಂತು ಅವತ್ತಿನ ಸ್ಮಿತಾಳನ್ನು ಕಟ್ಟುತ್ತಿದ್ದೆ. ಅವಳು ಎರಡು ಜಡೆ ಹಾಕುತ್ತಾಳೆ ಎಂದೆ. ಸಾಹೇಬರು ಗದರಿದಾಗ ಅತ್ತಳು ಎಂದೆ. ಅಕ್ಕನಿಗೆ ಸಿಟ್ಟು ಬಂತು. “ಆ ಸಾಹೇಬ್ರಿಗೆ ಉತ್ತರ ಕೊಡಬಾರದು, ಕಾಗದಾನ ಸರಿಯಾಗಿ ಹೊಡೆದು ಮೇಜಿನ ಮೇಲಿಟ್ಟು ಬರಬೇಕು, ಅಷ್ಟೇ. ಹೇಳು ಅವಳಿಗೆ,” ಎಂದಳು. ಎ.ಸಿ. ನೇರ ಬೆನ್ನಿಗೆ ಬಡಿಯುತ್ತದೆ, ಶಾಲು ತರಲು ಹೇಳು ಎಂದಳು. ನೋವೇನಾದರೂ ಕಂಡರೆ ಮುಚ್ಚಿಡಬೇಡ ಅಂತ ಹೇಳು ಎಂದಳು. ನಾನು ಎಲ್ಲಕ್ಕೂ ಹೂಂ ಅಂದೆ. ಅಮ್ಮ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ಬೆಳಗಿನ ಹೊತ್ತು, ನರ್ಸ್ ಬಂದು ಚಾದರ ಬದಲಿಸುವಾಗ. ಅಮ್ಮ ಬಾಟಲಿಗೆ ನೀರು ತುಂಬಲು ಹೊರಗೆ ಹೋಗಿದ್ದಳು. ಆಫೀಸಿನಿಂದ ಮಾಮಾ ಒಬ್ಬರೇ ಬಂದು, ಕೈಮುಗಿದು ನಿಂತು ಹೋದರು.

ಅಮ್ಮ ಅಳಲಿಲ್ಲ. ಕರ್ಮಗಳೆಲ್ಲ ಮುಗಿದವು, ಅಳಲಿಲ್ಲ. ಅಕ್ಕನ ಸೀರೆಗಳನ್ನು ಒಗೆದು ಮಡಿಸಿ ಟ್ರಂಕಿಗೆ ಹಾಕಿದಳು. ಬಿಲ್ಡಿಂಗಿನ ಹೆಂಗಸರು ನನ್ನನ್ನು ಕರೆದು, ಹೇಗಾದರೂ ಅವರನ್ನು ಅಳಿಸಪ್ಪಾ, ಇದು ಒಳ್ಳೆಯದಲ್ಲ ಎಂದರು. ಅದು ಹೇಗೆ ಮಾಡುವ ಕೆಲಸವೋ ನನಗೆ ಗೊತ್ತಿರಲಿಲ್ಲ. ನಾನೇ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಒಂದು ಸಂಜೆ ಅಮ್ಮ ಅಕ್ಕಿ ಆರಿಸುತ್ತ ಕೇಳಿದಳು, “ಆ ಹುಡುಗಿ ಹೇಗಿದಾಳೋ?”

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. “ಚೆನ್ನಾಗಿದಾಳೆ ಅಮ್ಮ,” ಎಂದೆ.

“ಪರ್ಮನೆಂಟ್ ಮಾಡಿದ್ರಾ?”

“ಮಾಡಿದ್ರು.”

ಅಲ್ಲಿಂದ ಅಮ್ಮ ಆಗಾಗ ಕೇಳತೊಡಗಿದಳು. ಹಬ್ಬ ಬಂದರೆ ಅವಳಿಗೆ ರಜೆ ಇದೆಯಾ ಎಂದು, ಮಳೆಯಿಂದ ಟ್ರೇನು ನಿಂತರೆ ಅವಳು ಮನೆ ಸೇರಿದಳಾ ಎಂದು. ಅಮ್ಮನಿಗೆ ನಿಜ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಒಂದು ವರ್ಷ ಹೀಗೇ ಕಳೆಯಿತು. ಒಂದು ಭಾನುವಾರ ಅಮ್ಮ, “ಊಟಕ್ಕೆ ಕರಿ ಅವಳನ್ನ, ಒಂದ್ಸಲ ನೋಡ್ತೀನಿ,” ಎಂದಳು. ಬೇರೆ ದಾರಿ ಕಾಣದೆ ಹೇಳಿಬಿಟ್ಟೆ:

“ಅವಳಿಗೆ ಮದುವೆ ಆಯ್ತಮ್ಮ. ಕೆಲಸ ಬಿಟ್ಟು ಪುಣೆಗೆ ಹೋದ್ಳು.”

ಅಕ್ಕನಿಗೆ ಮದುವೆಯಾಗಿರಲಿಲ್ಲ. ಒಂದೆರಡು ಕಡೆಯಿಂದ ಕೇಳಿಕೊಂಡು ಬಂದಿದ್ದರು. ನಾಗೂನ ಓದು ಮುಗಿಯಲಿ ಎನ್ನುತ್ತಿದ್ದಳು. ಮುಗಿಯುವ ಹೊತ್ತಿಗೆ ಕೇಳುವವರೇ ಇಲ್ಲವಾಗಿದ್ದರು.

ಅಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. “ಹುಡುಗ ಒಳ್ಳೆಯವನಾ?”

“ಒಳ್ಳೆಯವನಂತೆ.”

“ಹೋಗ್ಲಿ ಬಿಡು,” ಎಂದಳು ಅಮ್ಮ. “ಅವಳಾದ್ರೂ ಮದುವೆಯಾಗಿ ಹೋದ್ಳಲ್ಲ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದನ್ನೂ ತೆಗೆದುಬಿಟ್ಟು ಗಟ್ಟಿಯಾಗಿ ಅತ್ತಳು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಾನು ಕೈಸನ್ನೆಯಲ್ಲೇ ಬೇಡವೆಂದು ಹೇಳಿ ಬಾಗಿಲು ಹಾಕಿದೆ. ಬಹಳ ಹೊತ್ತಿನ ಮೇಲೆ ಅಮ್ಮ ಎದ್ದು ಮುಖ ತೊಳೆದು, ಡಬ್ಬಿಯಲ್ಲಿದ್ದ ಶ್ಯಾವಿಗೆ ಹುರಿದು ಪಾಯಸ ಮಾಡಿದಳು. ಇಬ್ಬರೂ ಕೂತು ಕುಡಿದೆವು. ಸಿಹಿ ಸ್ವಲ್ಪ ಜಾಸ್ತಿಯಾಗಿತ್ತು.